ಬೆಟ್ಟಕ್ಕೆ ಬೇಲಿ ಹಾಕಿದಿರಿ, ಔಷಧದ ಅಂಗಡಿಗೆ?

ರಣಹದ್ದಿನ ಬಗ್ಗೆ ಬರೆದಾಗಲೆಲ್ಲ ಬೆಂಗಳೂರಿನ ಗೆಳೆಯರಿಂದ ಒಂದೇ ಥರದ ಮಾತು ಬರುತ್ತದೆ. "ಹದ್ದು ಕಾಣೆಯಾಗಿದೆ ಅಂತ ಯಾಕ್ರೀ ಬೊಬ್ಬೆ ಹೊಡೀತೀರಿ? ಶಿವಾಜಿನಗರಕ್ಕೆ ಬನ್ನಿ, ರಸೆಲ್ ಮಾರುಕಟ್ಟೆಯ ತಲೆ ಮೇಲೆ ಬೆಳಗಿನಿಂದ ಸಂಜೆತನಕ ಅವುಗಳದ್ದೇ ದರ್ಬಾರು."

ಸ್ವಾಮಿ, ಅದು ರಣಹದ್ದಲ್ಲ. ರಸೆಲ್ ಮಾರುಕಟ್ಟೆಯ ಮೇಲೆ ಸುತ್ತುವುದು ಕರಿಹದ್ದು. ಮಾಂಸದ ಅಂಗಡಿಯಿಂದ ಬೀಳುವ ಚೂರುಪಾರಿಗೆ ಎರಗಿ ಎತ್ತಿಕೊಂಡು ಹೋಗುವ ಹಕ್ಕಿ. ತೂಕ ಒಂದು ಕಿಲೋ ಕೂಡ ಇರುವುದಿಲ್ಲ. ಸತ್ತ ಎಮ್ಮೆಯ ಚರ್ಮ ಸೀಳುವುದು ಅದರಿಂದಾಗದ ಕೆಲಸ. ರಣಹದ್ದು ಐದಾರು ಕಿಲೋ ತೂಗುತ್ತದೆ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿನಷ್ಟಾಗುತ್ತದೆ. ಹಿಂಡಾಗಿ ಇಳಿದರೆ ಒಂದು ಹಸುವಿನ ಹೆಣವನ್ನು ಗಂಟೆಯೊಳಗೆ ಎಲುಬು ಮಾತ್ರ ಉಳಿಯುವಂತೆ ಮಾಡುತ್ತದೆ. ಎರಡರ ಹೆಸರೂ ಒಂದೇ ಥರ ಕೇಳಿಸುತ್ತದೆ, ಕೆಲಸ ಬೇರೆ. ನಗರದ ಕಣ್ಣಿಗೆ ಈ ವ್ಯತ್ಯಾಸ ಕಾಣದೇ ಇರುವುದೇ ನಮ್ಮ ಅಧಿಕಾರಿಗಳಿಗೆ ದೊಡ್ಡ ಅನುಕೂಲವಾಗಿದೆ. ಆಕಾಶದಲ್ಲಿ ಏನೋ ಒಂದು ಹಾರುತ್ತಿದ್ದರೆ ಯಾರೂ ಲೆಕ್ಕ ಕೇಳುವುದಿಲ್ಲ.

ಆದರೂ ಗೆಳೆಯರು ರಸೆಲ್ ಮಾರುಕಟ್ಟೆಯ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು. ರಣಹದ್ದಿನ ಸಾವು ಅರ್ಥವಾಗಬೇಕಾದರೆ ಮಾರುಕಟ್ಟೆಯಿಂದಲೇ ಶುರು ಮಾಡಬೇಕು. 1927ರಲ್ಲಿ ಕಂಟೋನ್ಮೆಂಟಿನವರು ಕಟ್ಟಿದ, ಆಗಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರು ಹೊತ್ತ ಈ ಕಟ್ಟಡಕ್ಕೆ ಮತ್ತು ಅದರ ಸುತ್ತಲಿನ ಬೀದಿಗಳಿಗೆ ನಮ್ಮ ಜಿಲ್ಲೆಗಳಿಂದ ಹಣ್ಣು, ತರಕಾರಿ, ಹೂವು ಬಂದ ಹಾಗೆಯೇ ಮಾಂಸವೂ ಬರುತ್ತದೆ. ಕುರಿ ಮೇಕೆ ಕೊಳ್ಳುವ ವ್ಯಾಪಾರಿ ಸಂತೆಯಲ್ಲಿ ಏನು ಮಾಡುತ್ತಾನೆ ಎಂಬುದನ್ನು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಬೆನ್ನು ಒತ್ತಿ ನೋಡುತ್ತಾನೆ, ಬಾಯಿ ಬಿಡಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಕುಂಟುವ, ಮೇವು ಬಿಟ್ಟ, ಜ್ವರದಿಂದ ನಡುಗುವ ಪ್ರಾಣಿಗೆ ಅಲ್ಲಿ ಬೆಲೆ ಇಲ್ಲ. ಗಟ್ಟಿಮುಟ್ಟಾದದ್ದು ಲಾರಿ ಹತ್ತುತ್ತದೆ, ಕಾಯಿಲೆ ಬಿದ್ದದ್ದು ಕೊಟ್ಟಿಗೆಯಲ್ಲಿ ಉಳಿಯುತ್ತದೆ.

ಕೊಟ್ಟಿಗೆಯಲ್ಲಿ ಉಳಿದದ್ದಕ್ಕೆ ರೈತ ಏನು ಮಾಡುತ್ತಾನೆ? ಇಂಜೆಕ್ಷನ್ ಹಾಕಿಸುತ್ತಾನೆ. ನೋವು, ಊತ, ಜ್ವರ ಇಳಿಸುವ ಇಂಜೆಕ್ಷನ್. ಕೆಲವು ಪ್ರಾಣಿ ಎದ್ದು ನಿಲ್ಲುತ್ತವೆ, ಕೆಲವು ಸಾಯುತ್ತವೆ. ಸತ್ತದ್ದನ್ನು ಊರಾಚೆ ಹಾಕುತ್ತಾರೆ. ರಣಹದ್ದಿನ ಊಟ ಅದು.

ಇಡೀ ಕಥೆ ಇಷ್ಟೇ. ಆರೋಗ್ಯವಾಗಿದ್ದ ಪ್ರಾಣಿ ಮನುಷ್ಯರ ತಟ್ಟೆಗೆ ಹೋಗುತ್ತದೆ. ಔಷಧ ಚುಚ್ಚಿಸಿಕೊಂಡು ಸತ್ತದ್ದು ರಣಹದ್ದಿಗೆ ಸಿಗುತ್ತದೆ. ಬೇಕೆಂದೇ ಆರಿಸಿ ವಿಷವಿಟ್ಟರೂ ಇಷ್ಟು ಅಚ್ಚುಕಟ್ಟಾಗಿ ಇಡಲು ಆಗುತ್ತಿರಲಿಲ್ಲ.

ಆ ಔಷಧದ ಹೆಸರು ಡೈಕ್ಲೋಫೆನಾಕ್. ಮೈಕೈ ನೋವಿಗೆ ನಾವು ನೀವು ನುಂಗುವ ಮಾತ್ರೆಯೇ. ಬೆಲೆ ಇಳಿದ ಮೇಲೆ, 1990ರ ದಶಕದ ಮೊದಲ ವರ್ಷಗಳಲ್ಲಿ, ಇದು ನಮ್ಮ ದೇಶದಲ್ಲಿ ದನಗಳಿಗೂ ಬಂತು. ದನಕ್ಕೆ ಏನೂ ಆಗಲಿಲ್ಲ, ಗುಣವೇ ಆಯಿತು. ಆದರೆ ಚುಚ್ಚಿಸಿಕೊಂಡ ಒಂದೆರಡು ದಿನದಲ್ಲಿ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಹೊರಹೋಗಬೇಕಾದ ಯೂರಿಕ್ ಆಮ್ಲ ರಕ್ತದಲ್ಲೇ ಏರಿ, ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತದೆ. ಕತ್ತು ಜೋತುಬಿದ್ದು ಕೂತ ಹಕ್ಕಿ ಕೆಲವೇ ದಿನಗಳಲ್ಲಿ ಕೊಂಬೆಯಿಂದ ಉದುರುತ್ತದೆ.

ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಹೀಗೆ ಕತ್ತು ಜೋತ ಹಕ್ಕಿಗಳನ್ನು ಮೊದಲು ಗಮನಿಸಿ ಲೆಕ್ಕ ಬರೆದಿಟ್ಟವರು ವಿಭು ಪ್ರಕಾಶ್. ಕಾರಣ ಹುಡುಕಿದ್ದು ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು. ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿ 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ. 99.9ರಷ್ಟು ಇಲ್ಲವಾದವು. ಸಾವಿರ ಇದ್ದ ಕಡೆ ಒಂದು ಉಳಿಯಿತು. ಉದ್ದಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ 97 ಹೋದವು.

"ಎಲ್ಲ ಹೆಣದಲ್ಲೂ ಔಷಧ ಇರುತ್ತದೆಯೇ?" ಎಂದು ಕೇಳುವವರಿದ್ದಾರೆ. ಇರಬೇಕಾಗಿಲ್ಲ. ಇಂಥ ಕುಸಿತಕ್ಕೆ ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಾಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ರಣಹದ್ದು ಒಂಟಿಯಾಗಿ ಉಣ್ಣುವ ಹಕ್ಕಿಯಲ್ಲ, ಒಂದು ಹೆಣಕ್ಕೆ ಹಿಂಡೇ ಇಳಿಯುತ್ತದೆ. ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ, ಮರಿ ದೊಡ್ಡದಾಗಿ ತಾನೂ ಮೊಟ್ಟೆ ಇಡಲು ಸುಮಾರು ಐದು ವರ್ಷ ಬೇಕು. ಒಂದು ಮಧ್ಯಾಹ್ನದಲ್ಲಿ ಹೋದ ಹಿಂಡನ್ನು ಮತ್ತೆ ತುಂಬಲು ದಶಕಗಳೇ ಬೇಕು.

ಈಗ ಸರ್ಕಾರ ಏನು ಮಾಡಿತು ನೋಡೋಣ. ಏನೂ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದೇಶಗಳಿಗೆ ಕೊರತೆ ಇಲ್ಲ. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ತಯಾರಿಸುವ ಪರವಾನಗಿ ಹಿಂಪಡೆಯಲು ಕೇಂದ್ರದ ಔಷಧ ನಿಯಂತ್ರಕರು ಹೇಳಿದರು. 2008ರಲ್ಲಿ ಗೆಜೆಟ್‌ನಲ್ಲಿ ನಿಷೇಧ ಬಂತು. ಆಗ ಎಲ್ಲರೂ ಕೈ ತೊಳೆದುಕೊಂಡರು. ಅಂಗಡಿಯಲ್ಲಿ ಮಾತ್ರ 'ಮನುಷ್ಯರ ಬಳಕೆಗೆ' ಎಂದು ಬರೆದ 30 ಎಂಎಲ್ ಬಾಟಲಿಗಳು ಸಾಲಾಗಿ ನಿಂತಿದ್ದವು. ಮನುಷ್ಯನಿಗೆ ಒಂದು ಸಲಕ್ಕೆ ಬೇಕಾಗುವುದು 3 ಎಂಎಲ್. ಹಾಗಿದ್ದರೆ 30 ಎಂಎಲ್ ಬಾಟಲಿ ಯಾರಿಗಾಗಿ? ಕೊಟ್ಟಿಗೆಗೆ ಎಂಬುದು ಅಂಗಡಿಯವನಿಗೂ ಗೊತ್ತಿತ್ತು, ಕಂಪನಿಗೂ ಗೊತ್ತಿತ್ತು. 2007ರಿಂದ 2010ರ ನಡುವೆ ಸಂಶೋಧಕರು ಸಾಮಾನ್ಯ ಗಿರಾಕಿಗಳಂತೆ 11 ರಾಜ್ಯಗಳ 250ಕ್ಕೂ ಹೆಚ್ಚು ಅಂಗಡಿಗಳಿಗೆ ಹೋಗಿ ದನಕ್ಕೆ ನೋವಿನ ಔಷಧ ಕೇಳಿದಾಗ ಶೇ. 36ರಷ್ಟು ಅಂಗಡಿಗಳಲ್ಲಿ ಡೈಕ್ಲೋಫೆನಾಕ್ ಸಿಕ್ಕಿತು. ನಿಷೇಧಿಸಿದ ಮೇಲಿನ ಲೆಕ್ಕ ಇದು.

ಆ ದೊಡ್ಡ ಬಾಟಲಿಯನ್ನು ನಿಲ್ಲಿಸಲು 2015 ಬರಬೇಕಾಯಿತು. ಮನುಷ್ಯರ ಇಂಜೆಕ್ಷನ್ 3 ಎಂಎಲ್‌ನ ಒಂದೇ ಡೋಸಿನಲ್ಲಿ ಮಾತ್ರ ಬರಬೇಕು ಎಂದು ಆದೇಶವಾಯಿತು. ಕಂಪನಿಗಳು ಸುಮ್ಮನೆ ಒಪ್ಪಲಿಲ್ಲ, ಮದ್ರಾಸ್ ಹೈಕೋರ್ಟ್‌ಗೆ ಹೋದವು. 2017ರಲ್ಲಿ ನ್ಯಾಯಾಲಯ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಮನುಷ್ಯರ ನೋವಿನ ಇಂಜೆಕ್ಷನ್ನಿಗೆ ಹತ್ತು ಪಟ್ಟು ದೊಡ್ಡ ಬಾಟಲಿ ಬೇಕೇಬೇಕು ಎಂದು ಕೋರ್ಟಿನ ಮೆಟ್ಟಿಲು ಹತ್ತಿದವರ ಕಾಳಜಿ ಯಾವ ರೋಗಿಯ ಮೇಲಿತ್ತು ಎಂಬುದನ್ನು ನೀವೇ ಊಹಿಸಿ.

ಇನ್ನು ಡೈಕ್ಲೋಫೆನಾಕ್‌ನ ಅಣ್ಣತಮ್ಮಂದಿರು. ಕೀಟೊಪ್ರೊಫೆನ್ ಕೂಡ ರಣಹದ್ದನ್ನು ಕೊಲ್ಲುತ್ತದೆ ಎಂದು 2009ರ ಕೊನೆಗೇ ಪ್ರಕಟವಾಗಿತ್ತು. ಅಸಿಕ್ಲೋಫೆನಾಕ್ ದನದ ದೇಹಕ್ಕೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅಂದರೆ ಹೆಸರು ಬದಲಿಸಿಕೊಂಡು ಬಂದ ಅದೇ ವಿಷ. ಇವೆರಡನ್ನೂ ಪ್ರಾಣಿಗಳಿಗೆ ನಿಷೇಧಿಸಿದ್ದು 2023ರ ಜುಲೈ 31ರಂದು. ಕೀಟೊಪ್ರೊಫೆನ್ ವಿಷಯದಲ್ಲಿ ಗೊತ್ತಾದದ್ದಕ್ಕೂ ನಿಲ್ಲಿಸಿದ್ದಕ್ಕೂ ನಡುವೆ ಹದಿಮೂರು ವರ್ಷ ದಾಟಿತು. ನಮಗಿಂತ ಚಿಕ್ಕ ದೇಶ ಬಾಂಗ್ಲಾದೇಶ ಅದನ್ನು 2021ರಲ್ಲೇ ನಿಷೇಧಿಸಿತ್ತು. ಆಮೇಲೆ ನಿಮೆಸುಲೈಡ್ ಸರದಿ ಬಂತು, ಪ್ರಾಣಿಗಳಿಗೆ ಅದೂ ನಿಷೇಧವಾಯಿತು. ಫ್ಲುನಿಕ್ಸಿನ್, ಕಾರ್ಪ್ರೊಫೆನ್ ಬಗ್ಗೆಯೂ ವಿಜ್ಞಾನಿಗಳು ಎಚ್ಚರಿಸಿದ್ದಾರೆ.

ಈ ಸಾಲನ್ನು ಸ್ವಲ್ಪ ದೂರ ನಿಂತು ನೋಡಿ. ಒಂದು ಔಷಧ ಅಂಗಡಿಗೆ ಬರುತ್ತದೆ. ಹಕ್ಕಿಗಳು ಸಾಯುತ್ತವೆ. ಯಾರೋ ಸಂಶೋಧಕರು ವರ್ಷಗಟ್ಟಲೆ ಹೆಣ ಕುಯ್ದು ಪುರಾವೆ ಒದಗಿಸುತ್ತಾರೆ. ಸಮಿತಿ ಕೂರುತ್ತದೆ. ನಿಷೇಧ ಬರುತ್ತದೆ. ಅಷ್ಟರಲ್ಲಿ ಮುಂದಿನ ಔಷಧ ಅಂಗಡಿಗೆ ಬಂದಿರುತ್ತದೆ. ಪುರಾವೆ ಕೊಡುವ ಹೊಣೆ ಸತ್ತ ಹಕ್ಕಿಯ ಮೇಲಿದೆ, ಔಷಧ ಮಾರುವವನ ಮೇಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ದನಗಳ ಯಾವುದೇ ನೋವಿನ ಔಷಧಕ್ಕೆ ಪರವಾನಗಿ ಕೊಡುವ ಮೊದಲೇ ಅದು ರಣಹದ್ದಿಗೆ ಸುರಕ್ಷಿತವೋ ಎಂದು ಕಂಪನಿಯೇ ಸಾಬೀತು ಮಾಡಬೇಕು ಎಂಬ ಒಂದು ನಿಯಮವಿದ್ದರೆ ಈ ಮೂವತ್ತು ವರ್ಷದ ಕಣ್ಣಾಮುಚ್ಚಾಲೆ ಅಲ್ಲಿಗೇ ಮುಗಿಯುತ್ತದೆ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ರಸೆಲ್ ಮಾರುಕಟ್ಟೆಯಿಂದ ಮೈಸೂರು ರಸ್ತೆ ಹಿಡಿದು ಸುಮಾರು 50 ಕಿಲೋಮೀಟರ್ ಹೋದರೆ ರಾಮನಗರದ ರಾಮದೇವರ ಬೆಟ್ಟ. 'ಶೋಲೆ' ಬೆಟ್ಟ ಎಂದರೆ ಬೆಂಗಳೂರಿನವರಿಗೆ ಬೇಗ ಗೊತ್ತಾಗುತ್ತದೆ. 2012ರ ಜನವರಿಯಲ್ಲಿ ಅಲ್ಲಿನ 346 ಹೆಕ್ಟೇರ್ ಜಾಗವನ್ನು ರಣಹದ್ದು ಅಭಯಾರಣ್ಯ ಎಂದು ರಾಜ್ಯ ಸರ್ಕಾರ ಘೋಷಿಸಿತು. ಬೇಲಿ ಬಂತು, ಫಲಕ ಬಂತು, ಗೇಟು ಬಂತು. ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳು ಇವತ್ತು ಅಲ್ಲಿ ಬೆರಳಲ್ಲಿ ಎಣಿಸುವಷ್ಟಿವೆ. 2025ರಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಾಯಿಸಲು ತಿಂಗಳುಗಟ್ಟಲೆ ಚರ್ಚೆಯಾಯಿತು. ಆ ಜಿಲ್ಲೆಯ ಅಂಗಡಿಗಳಲ್ಲಿ ದನಕ್ಕೆ ಯಾವ ಇಂಜೆಕ್ಷನ್ ಮಾರುತ್ತಿದ್ದಾರೆ ಎಂಬುದು ಯಾವ ಸಭೆಯಲ್ಲಿ ಚರ್ಚೆಯಾಯಿತು?

ಬೆಟ್ಟವನ್ನು ಕಾಯಬೇಡಿ ಎಂದು ನಾನು ಹೇಳುತ್ತಿಲ್ಲ. ಕಲ್ಲುಗಣಿ, ಬಂಡೆ ಹತ್ತುವವರ ಗದ್ದಲ, ಗೂಡಿನ ಹತ್ತಿರ ಕ್ಯಾಮೆರಾ ಹಿಡಿದು ಹೋಗುವವರ ಕಾಟ ಎಲ್ಲವೂ ನಿಜ, ಅದನ್ನೆಲ್ಲ ತಡೆಯಲೇಬೇಕು. ಆದರೆ ರಣಹದ್ದು ಬೆಟ್ಟದಲ್ಲಿ ಮಲಗುತ್ತದೆ, ಉಣ್ಣುವುದು ಬೇರೆ ಕಡೆ. ಬಿಸಿಗಾಳಿ ಏರಿದ ಮೇಲೆ ರೆಕ್ಕೆ ಬಡಿಯದೆ ತೇಲುತ್ತಾ ಒಂದು ದಿನದಲ್ಲಿ ನೂರು ಕಿಲೋಮೀಟರ್ ದಾಟಿ ಹೋಗಬಲ್ಲ ಹಕ್ಕಿ ಅದು. ಮಾಗಡಿ, ಕನಕಪುರ, ಮಳವಳ್ಳಿ, ಕುಣಿಗಲ್ ಎಲ್ಲವೂ ಅದರ ಊಟದ ಮನೆ. ಅಷ್ಟು ದೂರದ ಯಾವುದೋ ಕೊಟ್ಟಿಗೆಯಲ್ಲಿ ಚುಚ್ಚಿದ ಒಂದು ಸೂಜಿ 346 ಹೆಕ್ಟೇರಿನ ಬೇಲಿಯನ್ನು ಕೇಳಿಕೊಂಡು ಬರುವುದಿಲ್ಲ. ಮಲಗುವ ಕೋಣೆಗೆ ಬೀಗ ಹಾಕಿ ಅಡುಗೆ ಮನೆಯಲ್ಲಿ ವಿಷ ಬಿಟ್ಟ ಹಾಗಾಗಿದೆ ನಮ್ಮ ಸಂರಕ್ಷಣೆ.

ಇದಕ್ಕೆ ಕಾರಣವೂ ಸ್ಪಷ್ಟ. ಹಕ್ಕಿ ಅರಣ್ಯ ಇಲಾಖೆಗೆ ಸೇರಿದ್ದು. ದನ ಪಶುಸಂಗೋಪನಾ ಇಲಾಖೆಗೆ ಸೇರಿದ್ದು. ಔಷಧ ಆರೋಗ್ಯ ಇಲಾಖೆಯ ಕೈಕೆಳಗಿನ ಔಷಧ ನಿಯಂತ್ರಣದವರದ್ದು. ಹೆಣ ಗ್ರಾಮ ಪಂಚಾಯಿತಿಯದ್ದು. ರಣಹದ್ದು ಸತ್ತರೆ ಅರಣ್ಯ ಇಲಾಖೆಯವರು ಬಂದು ನೋಡುತ್ತಾರೆ, ಅವರಿಗೆ ಅಂಗಡಿಯೊಳಗೆ ಕಾಲಿಡುವ ಅಧಿಕಾರ ಇಲ್ಲ. ಅಂಗಡಿಯೊಳಗೆ ಹೋಗುವ ಅಧಿಕಾರ ಇರುವವರಿಗೆ ಬೆಟ್ಟದ ಹಕ್ಕಿಯ ಚಿಂತೆ ಇಲ್ಲ. ನಾಲ್ಕು ಇಲಾಖೆಗಳ ನಡುವಿನ ಈ ಸಂದಿಯಲ್ಲಿ ರಣಹದ್ದು ಸಾಯುತ್ತಿದೆ.

ಹೋಲಿಕೆಗೆ ಒಂದು ಘಟನೆ. 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದವು. ವಿಷ ಹಾಕಿದ ಹಸುವಿನ ಹೆಣ ತಿಂದು ಸತ್ತಿದ್ದವು. ರಾಜ್ಯವೇ ಬೆಚ್ಚಿಬಿತ್ತು. ಸಚಿವರು ತನಿಖೆಗೆ ಆದೇಶಿಸಿದರು, ಕೆಲವೇ ದಿನಗಳಲ್ಲಿ ಬಂಧನಗಳಾದವು, ಎಲ್ಲ ಚಾನೆಲ್‌ಗಳ ವಾಹನ ಕೊಳ್ಳೇಗಾಲದ ದಾರಿ ಹಿಡಿದವು. ಆಗಬೇಕಾದ್ದೇ. ಆದರೆ ಯೋಚಿಸಿ: ಹಸುವಿನ ಹೆಣದಲ್ಲಿ ವಿಷ, ಅದನ್ನು ತಿಂದ ಕಾಡುಜೀವಿಯ ಸಾವು, ಕಾನೂನಿನ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ. ರಣಹದ್ದಿನ ವಿಷಯದಲ್ಲೂ ನಡೆದಿರುವುದು ಇದೇ ಅಲ್ಲವೇ? ಒಂದೇ ವ್ಯತ್ಯಾಸ, ಇಲ್ಲಿ ವಿಷಕ್ಕೆ ಬಿಲ್ಲು ಇದೆ, ಬ್ಯಾಚ್ ನಂಬರ್ ಇದೆ, ಮಾರಿದವನಿಗೆ ಲೈಸೆನ್ಸ್ ಇದೆ. ಅಂದರೆ ಪತ್ತೆ ಹಚ್ಚುವುದು ಇನ್ನೂ ಸುಲಭ. ಆದರೂ ಯಾರೂ ಹುಡುಕುವುದಿಲ್ಲ.

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಡೆ ಸ್ವಲ್ಪ ಆಸೆ ಉಳಿದಿದೆ. ಕರ್ನಾಟಕ, ತಮಿಳುನಾಡು, ಕೇರಳ ಸೇರಿ ಏಕಕಾಲಕ್ಕೆ ನಡೆಸಿದ ಎಣಿಕೆಯಲ್ಲಿ 2023ರ ಫೆಬ್ರುವರಿಯಲ್ಲಿ 246 ರಣಹದ್ದು, ಅದೇ ವರ್ಷದ ಡಿಸೆಂಬರ್‌ನಲ್ಲಿ 320 ಸಿಕ್ಕವು. ಅಲ್ಲಿ ಅವು ಉಳಿದಿರುವುದಕ್ಕೆ ಒಂದು ದೊಡ್ಡ ಕಾರಣ, ಕಾಡಿನಲ್ಲಿ ಸಾಯುವ ಜಿಂಕೆ, ಕಾಟಿ, ಆನೆಗೆ ಯಾರೂ ಇಂಜೆಕ್ಷನ್ ಹಾಕಿರುವುದಿಲ್ಲ. ಹುಲಿ ಹೊಡೆದು ಬಿಟ್ಟದ್ದು ಶುದ್ಧ ಊಟ. ಆ ಡಿಸೆಂಬರ್‌ನಲ್ಲಿ ಮೂರು ರಾಜ್ಯಗಳ ಕಾಡೆಲ್ಲ ಜಾಲಾಡಿದಾಗ ಸಿಕ್ಕ ಒಟ್ಟು ಸಂಖ್ಯೆ 320 ಎಂಬುದನ್ನು ಮಾತ್ರ ಮರೆಯಬೇಡಿ. ಒಂದೆರಡು ಹೆಣ ಕೆಟ್ಟರೆ ಸಾಕು.

"ಹಕ್ಕಿಗಾಗಿ ಇಷ್ಟು ಗೋಳೇ?" ಎನ್ನುವವರಿಗೆ ಹಕ್ಕಿಯ ಮಾತು ಬಿಟ್ಟು ಮನುಷ್ಯರ ಲೆಕ್ಕ ಕೊಡುತ್ತೇನೆ. ರಣಹದ್ದು ಹೋದ ಮೇಲೆ ಹೆಣ ಹಾಗೇ ಕೊಳೆಯಿತು, ಕೆರೆ ಕಟ್ಟೆಗೆ ಸೇರಿತು, ನಾಯಿಗಳು ಹೆಚ್ಚಿದವು, ರೇಬಿಸ್ ಹೆಚ್ಚಿತು. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮೊದಲು ರಣಹದ್ದು ಹೆಚ್ಚಿದ್ದ ಜಿಲ್ಲೆಗಳನ್ನೂ ಇಲ್ಲದಿದ್ದ ಜಿಲ್ಲೆಗಳನ್ನೂ ಹೋಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2000ದಿಂದ 2005ರ ನಡುವೆ ವರ್ಷಕ್ಕೆ ಸುಮಾರು ಒಂದು ಲಕ್ಷದಂತೆ ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು. ಐದು ಲಕ್ಷ ಎಂದರೆ ಒಂದು ದೊಡ್ಡ ತಾಲ್ಲೂಕಿಗಿಂತ ಹೆಚ್ಚು ಜನ. ಸಂಬಳ ಕೇಳದೆ, ಟೆಂಡರ್ ಕರೆಯದೆ ಊರು ಗುಡಿಸುತ್ತಿದ್ದ ನೌಕರರನ್ನು ಅಗ್ಗದ ಇಂಜೆಕ್ಷನ್ನಿಗಾಗಿ ಕೊಂದ ಬಿಲ್ಲು ಅದು.

ಇಲ್ಲಿ ರೈತನ ಮೇಲೆ ಬೊಟ್ಟು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೋವಿನಿಂದ ನರಳುವ ಹಸುವಿಗೆ ಔಷಧ ಹಾಕಿಸುವುದು ತಪ್ಪಲ್ಲ. ಮೆಲೋಕ್ಸಿಕಾಂ ಎಂಬ ಔಷಧ ರಣಹದ್ದಿಗೆ ಸುರಕ್ಷಿತ ಎಂದು 2006ರಲ್ಲೇ ಸಾಬೀತಾಗಿದೆ. ಟೋಲ್ಫೆನಾಮಿಕ್ ಆಸಿಡ್ ಕೂಡ ಸುರಕ್ಷಿತ ಎಂದು ಇತ್ತೀಚಿನ ಪರೀಕ್ಷೆಗಳು ಹೇಳಿವೆ. ಅಂದರೆ ಹಸುವೋ ಹಕ್ಕಿಯೋ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಮೆಲೋಕ್ಸಿಕಾಂ ಚುಚ್ಚಿದ ಜಾಗದಲ್ಲಿ ಉರಿ, ಕೆಲಸ ನಿಧಾನ ಎಂದು ದೂರುವವರಿದ್ದಾರೆ. ಕೆಲವು ಕಂಪನಿಗಳ ತಯಾರಿಕೆಯಲ್ಲಿ ಆ ದೂರು ನಿಜವೂ ಹೌದು. ಹಾಗಾದರೆ ಸರ್ಕಾರ ಒಳ್ಳೆಯ ತಯಾರಿಕೆಯನ್ನು ಖರೀದಿಸಿ ಪಶು ಆಸ್ಪತ್ರೆಯಲ್ಲಿ ಸದಾ ಇಡಬೇಕು. ಪಶು ಆಸ್ಪತ್ರೆಯ ಬಾಗಿಲು ಮುಚ್ಚಿರುವಾಗ, ವೈದ್ಯರ ಹುದ್ದೆ ಖಾಲಿ ಇರುವಾಗ, 1962ಕ್ಕೆ ಕರೆ ಮಾಡಿದರೆ ವಾಹನ ಇನ್ನೊಂದು ಊರಿನಲ್ಲಿರುವಾಗ ರೈತ ಹತ್ತಿರದ ಮೆಡಿಕಲ್ ಸ್ಟೋರಿಗೆ ಹೋಗುತ್ತಾನೆ. "ಹಸು ಎದ್ದೇಳ್ತಿಲ್ಲ, ಏನಾದ್ರೂ ಕೊಡಿ" ಎನ್ನುತ್ತಾನೆ. ಕೊಡುವವನು ಏನು ಕೊಡುತ್ತಾನೆ ಎಂಬುದರಲ್ಲಿ ಹಕ್ಕಿಯ ಹಣೆಬರಹ ಇದೆ.

ಡೈಕ್ಲೋಫೆನಾಕ್ ಇಂಜೆಕ್ಷನ್ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಈಗ ಇರುವುದು 3 ಎಂಎಲ್ ಬಾಟಲಿ, ಒಂದು ಹಸುವಿಗೆ ಅಂಥವು ನಾಲ್ಕಾರು ಬೇಕು. ಚೀಟಿ ಇಲ್ಲದೆ ಒಮ್ಮೆಗೇ ಆರು ಬಾಟಲಿ ಕೇಳುವ ಗಿರಾಕಿ ಯಾರಿಗಾಗಿ ಕೇಳುತ್ತಿದ್ದಾನೆ ಎಂದು ಹಳ್ಳಿಯ ಅಂಗಡಿಯವನಿಗೆ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ. ಕೇಳುವವರಿಲ್ಲ, ಅಷ್ಟೇ.

ಇನ್ನೊಂದು ವಿಷಯವನ್ನು ಎಲ್ಲರೂ ಜಾರಿಸುತ್ತಾರೆ, ನಾನು ಜಾರಿಸುವುದಿಲ್ಲ. 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟರೆ ಉಳಿದ ಜಾನುವಾರು ಕಸಾಯಿಖಾನೆಗೆ ಹೋಗುವಂತಿಲ್ಲ. ಕಾಯ್ದೆ ಸರಿಯೋ ತಪ್ಪೋ ಎಂಬ ಜಗಳಕ್ಕೆ ಬೇರೆ ಪುಟಗಳಿವೆ. ಆದರೆ ಮುದಿ ಹಸು ಎಲ್ಲಿ ಸಾಯಬಾರದು ಎಂದು ಹೇಳಿದ ಶಾಸನಸಭೆ, ಅದು ಎಲ್ಲಿ ಹೇಗೆ ಸಾಯುತ್ತದೆ, ಸಾಯುವ ವಾರದಲ್ಲಿ ಅದರ ಮೈಯಲ್ಲಿ ಏನು ಹರಿಯುತ್ತಿರುತ್ತದೆ, ಸತ್ತ ಮೇಲೆ ಹೆಣ ಏನಾಗಬೇಕು ಎಂದು ಹೇಳಲಿಲ್ಲ. ಗೋಶಾಲೆಯಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ ಮುಪ್ಪಿನಿಂದ, ಕಾಯಿಲೆಯಿಂದ ಸಾಯುವ ದನ ಎಂದರೆ ಕೊನೆಯ ದಿನಗಳಲ್ಲಿ ನೋವಿನ ಔಷಧ ಪಡೆದ ದನ. ಗೋವಿನ ಹೆಸರಿನಲ್ಲಿ ಕಾಯ್ದೆ ಮಾಡುವವರು, ಜಟಾಯುವಿನ ಹೆಸರಿನಲ್ಲಿ ಭಾಷಣ ಮಾಡುವವರು, ಗೋಶಾಲೆಗಳ ಔಷಧದ ಕಪಾಟನ್ನು ಒಮ್ಮೆ ತೆರೆದು ನೋಡಲಿ.

ಹೆಣ ಹೊರುವ ಕೆಲಸದ ಬಗ್ಗೆಯೂ ಒಂದು ಮಾತು. "ಹಿಂದೆಲ್ಲ ಊರಾಚೆ ಹಾಕುತ್ತಿದ್ದರು, ಹದ್ದು ತಿನ್ನುತ್ತಿತ್ತು, ಎಷ್ಟು ಚೆನ್ನಾಗಿತ್ತು" ಎಂದು ಹಳೆಯ ಕಾಲವನ್ನು ನೆನೆಯುವವರು, ಅದನ್ನು ಹೊತ್ತು ಹಾಕುತ್ತಿದ್ದವರು ಯಾರು ಎಂಬುದನ್ನು ಮರೆಯುತ್ತಾರೆ. ಜಾತಿಯ ಕಟ್ಟಳೆಯಿಂದ ದಲಿತರ ಹೆಗಲಿಗೆ ಕಟ್ಟಿದ್ದ ಆ ಬಿಟ್ಟಿ ಕೆಲಸ ನಿಂತದ್ದು ನ್ಯಾಯ. ರಣಹದ್ದಿನ ನೆಪದಲ್ಲಿ ಅದು ಮತ್ತೆ ಬರಕೂಡದು. ಔಷಧವಿಲ್ಲದ ಹೆಣವನ್ನು ಗೊತ್ತುಪಡಿಸಿದ ಜಾಗಕ್ಕೆ ಸಾಗಿಸುವ ಕೆಲಸ ಆಗಬೇಕಾದರೆ ಅದು ಪಂಚಾಯಿತಿಯ ವಾಹನ, ಯಂತ್ರ, ಕೈಗವಸು, ಸರಿಯಾದ ಸಂಬಳ ಇರುವ ಕೆಲಸವಾಗಿರಬೇಕು, ಯಾವ ಜಾತಿಯವರು ಬೇಕಾದರೂ ಅರ್ಜಿ ಹಾಕುವ ಕೆಲಸವಾಗಿರಬೇಕು.

ಇನ್ನು ನಮ್ಮ ಮನೆಯ ವಿಷಯ. ಇಲ್ಲಿ ಓದುವವರಲ್ಲಿ ಅರ್ಧದಷ್ಟು ಜನ ನನ್ನ ಹಾಗೆ ತಾಲ್ಲೂಕು, ಜಿಲ್ಲಾ ಸುದ್ದಿ ಕಳಿಸುವವರು. ರಣಹದ್ದಿನ ಸುದ್ದಿ ಕಳಿಸಿದರೆ ಡೆಸ್ಕ್ ಏನು ಕೇಳುತ್ತದೆ ಎಂದು ನಿಮಗೂ ಗೊತ್ತು. "ಫೋಟೊ ಇದೆಯಾ? ಶೋಲೆ ಆ್ಯಂಗಲ್ ಹಾಕಿ." ಸೆಪ್ಟೆಂಬರ್ ಮೊದಲ ಶನಿವಾರ ಅಂತರರಾಷ್ಟ್ರೀಯ ರಣಹದ್ದು ದಿನ, ಆವತ್ತು ಬಣ್ಣದ ಪುಟ ಸಿಗುತ್ತದೆ. ಉಳಿದ 364 ದಿನ ಬಾಕ್ಸ್ ಐಟಂ ಕೂಡ ಇಲ್ಲ. ಪುಟದ ಕೆಳಗೆ ನೋವಿನ ಮುಲಾಮಿನ ಜಾಹೀರಾತು ಬೇರೆ ಇರುತ್ತದೆ. ಹಕ್ಕಿಯನ್ನು ಪರಿಸರದ ಪುಟಕ್ಕೆ ತಳ್ಳುವುದನ್ನು ನಿಲ್ಲಿಸೋಣ. ಇದು ಔಷಧ ಮಾರಾಟದ ಸುದ್ದಿ, ಅಪರಾಧದ ಸುದ್ದಿ, ಪಂಚಾಯಿತಿಯ ಸುದ್ದಿ. ನಮ್ಮ ಬೀಟಿನ ಸುದ್ದಿಯೇ ಇದು.

ಹಾಗಾಗಿ ಕೇಳಬೇಕಾದ್ದನ್ನು ನೇರವಾಗಿ ಕೇಳುತ್ತೇನೆ.

ಒಂದು, ಬೆಂಗಳೂರು ದಕ್ಷಿಣ, ಮಂಡ್ಯ, ಮೈಸೂರು, ಚಾಮರಾಜನಗರ ಜಿಲ್ಲೆಗಳ ಪ್ರತಿ ಔಷಧದ ಅಂಗಡಿಗೂ ಔಷಧ ನಿಯಂತ್ರಣದವರು ಗಿರಾಕಿಯ ವೇಷದಲ್ಲಿ ಹೋಗಲಿ. ಎಷ್ಟು ಅಂಗಡಿಗೆ ಹೋದರು, ಎಷ್ಟು ಕಡೆ ದನಕ್ಕೆಂದು ಕೇಳಿದಾಗ ನಿಷೇಧಿತ ಔಷಧ ಕೊಟ್ಟರು, ಎಷ್ಟು ಲೈಸೆನ್ಸ್ ರದ್ದಾಯಿತು ಎಂಬುದನ್ನು ವರ್ಷಕ್ಕೆರಡು ಸಲ ಜಿಲ್ಲಾಧಿಕಾರಿ ಪ್ರಕಟಿಸಲಿ.

ಎರಡು, ರಾಜ್ಯದ ಪ್ರತಿ ಪಶು ಆಸ್ಪತ್ರೆಯಲ್ಲಿ, ಪ್ರತಿ 1962 ವಾಹನದಲ್ಲಿ ಮೆಲೋಕ್ಸಿಕಾಂ ಮುಗಿಯದಂತೆ ನೋಡಿಕೊಳ್ಳಲಿ. ರಣಹದ್ದಿಗೆ ಸುರಕ್ಷಿತ ಎಂದು ಪರೀಕ್ಷೆಯಾಗದ ಯಾವ ನೋವಿನ ಔಷಧವನ್ನೂ ರಾಜ್ಯ ಸರ್ಕಾರ ತನ್ನ ದುಡ್ಡಿನಲ್ಲಿ ಖರೀದಿಸಬಾರದು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಾಗಿಲ್ಲ.

ಮೂರು, ಹೆಬ್ಬಾಳದಲ್ಲಿ ಪಶು ವೈದ್ಯಕೀಯ ಕಾಲೇಜು ಇದೆ, ಪ್ರಯೋಗಾಲಯವಿದೆ. ಬೆಟ್ಟದ ಸುತ್ತಲಿನ ತಾಲ್ಲೂಕುಗಳಲ್ಲಿ ಸತ್ತ ದನಗಳ ಯಕೃತ್ತಿನ ಮಾದರಿ ತಂದು ನಿಯಮಿತವಾಗಿ ಪರೀಕ್ಷಿಸಲಿ. ಯಾವ ತಾಲ್ಲೂಕಿನ ಹೆಣದಲ್ಲಿ ಯಾವ ಔಷಧ ಎಷ್ಟಿದೆ ಎಂದು ಗೊತ್ತಾದರೆ ಯಾವ ಅಂಗಡಿಯ ಬಾಗಿಲು ತಟ್ಟಬೇಕು ಎಂಬುದೂ ಗೊತ್ತಾಗುತ್ತದೆ.

ನಾಲ್ಕು, ಮೊದಲು ಪರೀಕ್ಷೆ, ಆಮೇಲೆ ಪರವಾನಗಿ ಎಂಬ ನಿಯಮಕ್ಕಾಗಿ ನಮ್ಮ ಸಂಸದರು ದೆಹಲಿಯಲ್ಲಿ ಬಾಯಿ ಬಿಡಲಿ. ನಮ್ಮ 28 ಜನರಲ್ಲಿ ಒಬ್ಬರಾದರೂ ಕೇಳಬಹುದಾದ ಪ್ರಶ್ನೆ ಇದು.

ಮತ್ತು ಬೆಂಗಳೂರಿನ ಗೆಳೆಯರಿಗೆ ಒಂದು ಮಾತು. ನಿಮಗೆ ರಣಹದ್ದು ಕಾಣುವುದಿಲ್ಲ, ಅದರ ಕೊರತೆ ಕಾಣುತ್ತದೆ. ಹೊರವಲಯದ ಕೆರೆ ದಂಡೆಯ ಹೆಣದ ವಾಸನೆ, ಅದರ ಸುತ್ತ ಗುಂಪು ಕಟ್ಟಿದ ನಾಯಿಗಳು, ನಾಯಿ ಕಚ್ಚಿ ಆಸ್ಪತ್ರೆ ಸಾಲಿನಲ್ಲಿ ನಿಂತ ಮಗು, ಇವುಗಳನ್ನು ಕಂಡಾಗ ನೆನಪಿಸಿಕೊಳ್ಳಿ. ಹಾಗೆಯೇ ನಿಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ನೋವಿನ ಇಂಜೆಕ್ಷನ್ ಮಾರುವುದನ್ನು ಕಂಡರೆ ದೂರು ಕೊಡಿ. ಮನುಷ್ಯರಿಗೆ ಸಡಿಲವಾಗಿರುವ ಕೌಂಟರ್ ದನಕ್ಕೆ ಬಿಗಿಯಾಗಿರುವುದಿಲ್ಲ.

ರಾಮದೇವರ ಬೆಟ್ಟದಲ್ಲಿ ಉಳಿದಿರುವ ನಾಲ್ಕಾರು ಹಕ್ಕಿಗಳಿಗೆ ಇನ್ನೊಂದು ಫಲಕ, ಇನ್ನೊಂದು ಬೇಲಿ ಬೇಡ. ತಾಲ್ಲೂಕಿನ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಒಬ್ಬ ಔಷಧ ಪರಿವೀಕ್ಷಕರು ಬೇಕು. ಇಷ್ಟು ಸಣ್ಣ ಕೆಲಸವನ್ನು 2006ರಿಂದಲೂ ಮಾಡದೆ ಇರುವವರಿಗೆ ಮುಂದಿನ ರಣಹದ್ದು ದಿನ ವೇದಿಕೆ ಕೊಡುವ ಮೊದಲು, ಅವರ ಜಿಲ್ಲೆಯಲ್ಲಿ ಈ ವರ್ಷ ಎಷ್ಟು ಅಂಗಡಿ ತಪಾಸಣೆ ಆಯಿತು ಎಂದು ಕೇಳಿ. ಉತ್ತರ ಬರದಿದ್ದರೆ ಅದನ್ನೇ ಸುದ್ದಿ ಮಾಡಿ.